ಬರಿಗೈ ದಂಡು: ನೇಟಾಲ್ ಗಡಿಯಿಂದ ಹೊಸರಿತ್ತಿಯವರೆಗೆ

1857ರ ನವೆಂಬರ್. ಮುಧೋಳ ಸೀಮೆಗೆ ಹುಕುಂ ಬಂತು: ಇದ್ದಬದ್ದ ಆಯುಧಗಳನ್ನೆಲ್ಲ ತಂದು ಒಪ್ಪಿಸಿ. ಹಲಗಲಿಯ ಬೇಡರು ಆಗುವುದಿಲ್ಲ ಎಂದರು. ಬೇಟೆಯೇ ಅವರ ಬದುಕು. ಬಂದೂಕು ಕೊಟ್ಟು ಮನೆಯಲ್ಲಿ ಕೂತರೆ ತಿನ್ನುವುದೇನು? ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ಊರು ಅವರ ಹಿಂದೆ ನಿಂತಿತು.

ಇಂಗ್ಲಿಷರ ಕುದುರೆ ಪಡೆ ಬಂತು. ಊರನ್ನು ಸುತ್ತಿತು. ನುಗ್ಗಿತು. ಬೆಂಕಿ ಇಟ್ಟಿತು. ಸುಮಾರು ನೂರು ಜನ ಸತ್ತರು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು.

ಇದೇ ಸೀಮೆಯ ಮಹಾಲಿಂಗಪುರವೂ ಹಲಗಲಿಯಂತೆ ಘೋರ್ಪಡೆಯವರ ಮುಧೋಳ ಸಂಸ್ಥಾನದ ಊರೇ. ಹಲಗಲಿಯ ಲಾವಣಿ ಕೇಳಿ ಬೆಳೆದ ಈ ಸೀಮೆಯವರಿಗೆ ಕಾಯ್ದೆ ಮೀರುವುದೆಂದರೆ ಬಂದೂಕಿಗೆ ಬಂದೂಕು. ಆದರೆ ಒಪ್ಪಿಸಲು ಆಯುಧವೇ ಇಲ್ಲದವರ ಮೇಲೆ ಕಾಯ್ದೆ ಬಿದ್ದರೆ? ಕೈಯಲ್ಲಿ ಹತ್ತು ಬೆರಳು ಬಿಟ್ಟರೆ ಬೇರೇನೂ ಇಲ್ಲದಿದ್ದರೆ?

ಸರ್ಕಾರ ಆ ಬೆರಳನ್ನೂ ಕೇಳಿತು.

ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್, 1907. ಅಲ್ಲಿರುವ ಪ್ರತಿ ಭಾರತೀಯನೂ ಹತ್ತೂ ಬೆರಳಿನ ಗುರುತು ಒತ್ತಬೇಕು, ಚೀಟಿ ಪಡೆಯಬೇಕು, ಪೊಲೀಸರು ಕೇಳಿದಲ್ಲಿ ತೋರಿಸಬೇಕು. ತೋರಿಸದಿದ್ದರೆ ದಂಡ, ಜೈಲು, ಗಡೀಪಾರು. ಕಾಯ್ದೆ ಇನ್ನೂ ಕರಡಿನಲ್ಲಿದ್ದಾಗಲೇ, 1906ರ ಸೆಪ್ಟೆಂಬರ್ 11ರಂದು, ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸುಮಾರು ಮೂರು ಸಾವಿರ ಭಾರತೀಯರು ಸೇರಿ ಆಣೆ ಇಟ್ಟಿದ್ದರು: ಒತ್ತುವುದಿಲ್ಲ. ಎರಡು ವರ್ಷದ ಮೇಲೆ, 1908ರ ಆಗಸ್ಟ್ 16ರಂದು, ಹಮೀದಿಯಾ ಮಸೀದಿಯ ಬಯಲಲ್ಲಿ ದೊಡ್ಡ ಕಬ್ಬಿಣದ ಕಡಾಯಿ ಇಟ್ಟರು. ಸೀಮೆಎಣ್ಣೆ ಸುರಿದರು. ಕಾಯ್ದೆ ರದ್ದಾಗುತ್ತದೆಂದು ನಂಬಿ ತಾವಾಗಿಯೇ ಪಡೆದಿದ್ದ ಎರಡು ಸಾವಿರಕ್ಕೂ ಹೆಚ್ಚು ಚೀಟಿ ಅದರಲ್ಲಿ ಉರಿದು ಬೂದಿಯಾಯಿತು.

ಅದು ಪೀಠಿಕೆ ಮಾತ್ರ. ನಿಜವಾದ ಸಾಹಸ ಇನ್ನೂ ಐದು ವರ್ಷ ದೂರವಿತ್ತು.

ನೆರೆಯ ನೇಟಾಲ್‌ನಲ್ಲಿ ಗಣಿ ಅಗೆಯಲು, ಕಬ್ಬು ಕಡಿಯಲು ಕರಾರಿನ ಮೇಲೆ ತಂದ ಭಾರತೀಯ ಕೂಲಿಗಳಿದ್ದರು. ಕರಾರು ಮುಗಿದ ಮೇಲೂ ಅಲ್ಲೇ ಉಳಿದರೆ ತಲೆಗೆ ವರ್ಷಕ್ಕೆ ಮೂರು ಪೌಂಡು ಕರ. ಹೆಂಡತಿಗೂ ಕರ, ಬೆಳೆದ ಮಕ್ಕಳಿಗೂ ಕರ. ಲೆಕ್ಕ ಹಾಕಿ. ದುಡಿಯುವ ಗಂಡಸಿನ ಸಂಪಾದನೆ ತಿಂಗಳಿಗೆ ಹೆಚ್ಚೆಂದರೆ 14 ಶಿಲಿಂಗ್, ವರ್ಷಕ್ಕೆ 168. ನಾಲ್ಕು ತಲೆಯ ಕುಟುಂಬಕ್ಕೆ ಕರ 12 ಪೌಂಡು, ಅಂದರೆ 240 ಶಿಲಿಂಗ್. ವರ್ಷವಿಡೀ ದುಡಿದು ಪೂರ್ತಿ ಕೊಟ್ಟರೂ ಸಾಲದು! ಕಟ್ಟಲಾಗದವನು ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತಬೇಕು. ಕರದ ಉದ್ದೇಶವೇ ಅದಾಗಿತ್ತು. ಮೇಲಿಂದ 1913ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಸರ್ಲ್ ತೀರ್ಪು ಕೊಟ್ಟರು: ಕ್ರೈಸ್ತ ವಿಧಿಯಲ್ಲಿ ಆಗದ, ನೋಂದಣಿಯಾಗದ ಮದುವೆ ಕಾಯ್ದೆಗೆ ಮದುವೆಯೇ ಅಲ್ಲ.

ಹೆಂಗಸರು ಸಿಡಿದೆದ್ದರು. ಕಸ್ತೂರಬಾ ಇದ್ದ 16 ಜನರ ತಂಡ ಪರವಾನಗಿ ಇಲ್ಲದೆ ಗಡಿ ದಾಟಿ ಜೈಲು ಸೇರಿತು. ಟ್ರಾನ್ಸ್‌ವಾಲಿನ ಹನ್ನೊಂದು ಹೆಂಗಸರು ಉಲ್ಟಾ ದಿಕ್ಕಿನಲ್ಲಿ ಹೊರಟರು. ಅವರಲ್ಲಿ ಹೆಚ್ಚಿನವರು ತಮಿಳರು, ಕೆಲವರ ಕಂಕುಳಲ್ಲಿ ಹಸುಗೂಸು. ನೇಟಾಲ್‌ನ ನ್ಯೂಕ್ಯಾಸಲ್‌ಗೆ ಬಂದರು. ಕಲ್ಲಿದ್ದಲ ಗಣಿಯ ಕೇರಿಗಳಿಗೆ ನುಗ್ಗಿದರು. ಕೆಲಸ ಬಿಡಿ ಎಂದರು.

1913ರ ಅಕ್ಟೋಬರ್ ನಡುವಿನಲ್ಲಿ ಮೊದಲ ಗಣಿ ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು. ಮಾಲೀಕರು ಕೇರಿಗಳ ದೀಪ ಆರಿಸಿದರು, ನೀರು ಕಡಿದರು. ಗಣಿಗಾರರು ಕಂಬಳಿ ಹೊದ್ದು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಬೀದಿಗೆ ಬಂದರು. ನೂರು ಇನ್ನೂರಲ್ಲ, ಸಾವಿರಗಟ್ಟಲೆ. ಇವರಿಗೆ ಉಣ್ಣಿಸುವವರು ಯಾರು? ಎಲ್ಲಿ ಮಲಗಿಸುವುದು?

ಹೋರಾಟದ ಮುಂದಾಳು ಗಾಂಧೀಜಿಗೆ ಹೊಳೆದದ್ದು ಒಂದೇ ದಾರಿ. ನಡೆಸುವುದು. ಗಡಿ ದಾಟಿಸಿ ಜೈಲಿಗೆ ನಡೆಸುವುದು. ಜೈಲಿಗೆ ಹಾಕದಿದ್ದರೆ ಜೋಹಾನ್ಸ್‌ಬರ್ಗ್ ಬಳಿಯ ಟಾಲ್‌ಸ್ಟಾಯ್ ಫಾರ್ಮಿನವರೆಗೆ, ದಿನಕ್ಕೆ 20ರಿಂದ 24 ಮೈಲಿಯಂತೆ ಎಂಟು ದಿನ.

ನ್ಯೂಕ್ಯಾಸಲ್‌ನಿಂದ ಗಡಿಯೂರು ಚಾರ್ಲ್ಸ್‌ಟೌನ್ 36 ಮೈಲಿ. ಡ್ರೇಕನ್ಸ್‌ಬರ್ಗ್ ಬೆಟ್ಟದ ಅಂಚು, ಏರು ದಾರಿ. ತಲೆಗೆ ದಿನಕ್ಕೆ ಒಂದೂವರೆ ಪೌಂಡು ಬ್ರೆಡ್, ಒಂದು ಔನ್ಸ್ ಸಕ್ಕರೆ. ಅಷ್ಟೇ ಬುತ್ತಿ. ಹತ್ತಿದರು. ಕಷ್ಟದಲ್ಲಿ ಸಾವಿರ ಜನರಿದ್ದ ಚಾರ್ಲ್ಸ್‌ಟೌನ್ ತುಂಬಿ ಚೆಲ್ಲಿತು. ಮಸೀದಿಯ ಅಂಗಳದಲ್ಲಿ ಒಲೆ ಹೂಡಿದರು. ಅನ್ನ, ಬೇಳೆ ಕುದಿಯಿತು. ಬಡಿಸುವ ಸೌಟು ಗಾಂಧೀಜಿಯ ಕೈಯಲ್ಲಿ. ಬೇಳೆ ನೀರಾದರೂ, ಅನ್ನ ಬೇಯದಿದ್ದರೂ ಯಾರೂ ಗೊಣಗಲಿಲ್ಲ.

ಗಡಿಯಾಚೆಯ ಫೋಕ್ಸ್‌ರಸ್ಟ್‌ನಲ್ಲಿ ಬಿಳಿಯರು ಸಭೆ ಸೇರಿ, ಒಳಗೆ ಬಂದರೆ ಗುಂಡು ಹಾರಿಸುತ್ತೇವೆ ಎಂದು ಕೂಗಿದರು. ಅದೇ ಊರಿನ ಒಬ್ಬ ಬಿಳಿಯ ಬೇಕರಿಯವನು ಮಾತ್ರ ಬ್ರೆಡ್ ಕೊಡಲು ಒಪ್ಪಿದ. ದಾರಿಯ ಸ್ಟೇಷನ್‌ಗಳಿಗೆ ರೈಲಿನಲ್ಲಿ ಕಳಿಸುತ್ತೇನೆಂದ. ತೂಕದಲ್ಲಿ ಮೋಸ ಮಾಡಲಿಲ್ಲ, ಹೊತ್ತು ತಪ್ಪಿಸಲಿಲ್ಲ. ಬಂದೂಕು ತೋರಿಸಿದ ಊರಿನಿಂದಲೇ ಬುತ್ತಿ ಹೊರಟಿತು.

ನವೆಂಬರ್ 6, ಬೆಳಗಿನ ಆರೂವರೆ. ಪ್ರಾರ್ಥನೆ ಮುಗಿಯಿತು. 2037 ಗಂಡಸರು, 127 ಹೆಂಗಸರು, 57 ಮಕ್ಕಳು ಹೊರಟರು. ಒಂದು ಮೈಲಿ ಆಚೆ ಗಡಿ. ಗಡಿಯಲ್ಲಿ ಕುದುರೆ ಏರಿದ ಪೊಲೀಸರ ಸಾಲು.

ನಡಿಗೆ ನಿಲ್ಲಲಿಲ್ಲ. ಗಾಂಧೀಜಿ ಮುಂದೆ ಹೋಗಿ ಪೊಲೀಸರೊಂದಿಗೆ ಮಾತಿಗೆ ನಿಂತರು. ಅಷ್ಟರಲ್ಲಿ ಹಿಂದಿನಿಂದ ಜನ ಓಡಿ ಬಂದು ಗಡಿ ದಾಟಿಯೇಬಿಟ್ಟರು! ಪೊಲೀಸರು ಸುತ್ತುವರಿದರು. ಯಾರನ್ನು ಹಿಡಿಯುವುದು? ಎಷ್ಟು ಜನರನ್ನು ಹಿಡಿಯುವುದು? ಗುಂಪು ಮತ್ತೆ ಸಾಲುಗಟ್ಟಿತು, ಫೋಕ್ಸ್‌ರಸ್ಟ್ ನಡುವೆಯೇ ಹಾದುಹೋಯಿತು. ಗುಂಡು ಹಾರಲಿಲ್ಲ.

ಆ ರಾತ್ರಿ ಪಾಮ್‌ಫೋರ್ಡ್‌ನಲ್ಲಿ ಬಯಲು ನಿದ್ದೆ. ಕತ್ತಲಲ್ಲಿ ಹೆಜ್ಜೆ ಸದ್ದು. ಲಾಟೀನು ಹಿಡಿದ ಅಧಿಕಾರಿ. ಗಾಂಧೀಜಿ ಸೆರೆ. ಮರುದಿನ ಫೋಕ್ಸ್‌ರಸ್ಟ್ ಕೋರ್ಟಿನಲ್ಲಿ 50 ಪೌಂಡಿನ ಜಾಮೀನು. ನೇರ ದಂಡಿಗೆ ವಾಪಸ್! 8ನೇ ತಾರೀಕು ಸ್ಟ್ಯಾಂಡರ್ಟನ್‌ನಲ್ಲಿ ಅಂಗಡಿಯವರು ಕೊಟ್ಟ ಹಣ್ಣಿನ ಮುರಬ್ಬದ ಡಬ್ಬಿಗಳನ್ನು ಹಂಚುತ್ತಿದ್ದಾಗ ಮ್ಯಾಜಿಸ್ಟ್ರೇಟರೇ ಬಂದು ಪಕ್ಕದಲ್ಲಿ ನಿಂತರು. ಹಂಚಿ ಮುಗಿಯುವವರೆಗೆ ಕಾದರು. ಆಮೇಲೆ ಹಿಡಿದರು. ಮತ್ತೆ ಜಾಮೀನು, ಮತ್ತೆ ನಡಿಗೆ. 9ರಂದು ಟೀಕ್‌ವರ್ತ್‌ನಲ್ಲಿ ಮೂರನೇ ಸಲ ಹಿಡಿದರು. ಈ ಸಲ ಬಿಡಲಿಲ್ಲ.

ಮುಂದಾಳು ಇಲ್ಲ. ದಂಡು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಆ ನಡಿಗೆಯಲ್ಲಿ ಎರಡು ಕೂಸು ಸತ್ತವು. ಒಂದು ಚಳಿ ಗಾಳಿಗೆ ಸಿಕ್ಕಿ, ಇನ್ನೊಂದು ಹಳ್ಳ ದಾಟುವಾಗ ತಾಯಿಯ ತೋಳು ಜಾರಿ ನೀರಿಗೆ ಬಿದ್ದು. ತಾಯಂದಿರು ನಡೆಯುತ್ತಲೇ ಇದ್ದರು. ಹಲಗಲಿಯ ಶೌರ್ಯಕ್ಕೆ ತಲೆಬಾಗುವ ನಾನು ಈ ಹೆಂಗಸರ ಮುಂದೆಯೂ ಅಷ್ಟೇ ಬಾಗುತ್ತೇನೆ. ಹೊಡೆಯಲು ಕೈ ಎತ್ತದೆ ಹೀಗೆ ಮುಂದೆ ಹೋಗುವುದು ಬಂದೂಕು ಹಿಡಿಯುವುದಕ್ಕಿಂತ ಕಡಿಮೆ ಗಟ್ಟಿತನದ ಕೆಲಸವಲ್ಲ.

10ರಂದು ಬಾಲ್ಫೋರ್. ಸ್ಟೇಷನ್ನಿನಲ್ಲಿ ಮೂರು ವಿಶೇಷ ರೈಲು ತಯಾರಾಗಿ ನಿಂತಿದ್ದವು. ಗಾಂಧೀಜಿಯ ಜೊತೆಗಾರ ಪೋಲಾಕ್‌ರನ್ನೂ ಹಿಡಿದರು. ನಡೆದವರನ್ನೆಲ್ಲ ತುಂಬಿಕೊಂಡು ರೈಲುಗಳು ನೇಟಾಲ್‌ಗೆ ಹೊರಟವು. ಇಷ್ಟು ಜನರನ್ನು ಹಿಡಿಸುವ ಜೈಲು ಎಲ್ಲಿದೆ? ಸರ್ಕಾರ ಗಣಿಗಳನ್ನೇ ಜೈಲು ಎಂದು ಸಾರಿತು. ಕೇರಿಗೆ ತಂತಿಬಲೆ ಬಿಗಿಯಿತು. ಗಣಿಯ ಮೇಸ್ತ್ರಿಗಳೇ ಜೈಲರ್‌ಗಳಾದರು. ಸುರಂಗಕ್ಕೆ ಇಳಿಯಿರಿ ಎಂದರು. ಇಳಿಯಲಿಲ್ಲ. ಚಾಟಿ ಬೀಸಿದರು. ಆಗಲೂ ಇಳಿಯಲಿಲ್ಲ.

ಸುದ್ದಿ ಕರಾವಳಿಯ ಕಬ್ಬಿನ ತೋಟಗಳಿಗೆ ಹಬ್ಬಿತು. ಸಾವಿರಾರು ಕೂಲಿಗಳು ಕೊಡಲಿ, ಕುಡುಗೋಲು ಕೆಳಗಿಟ್ಟರು. ಇತ್ತ ಮದ್ರಾಸಿನಲ್ಲಿ ವೈಸರಾಯ್ ಹಾರ್ಡಿಂಜ್ ಅವರೇ ಆ ಚಳವಳಿಯ ಪರ ಬಹಿರಂಗವಾಗಿ ಮಾತಾಡಿದರು. ಜೈಲಿನಲ್ಲಿ ಜ್ವರ ಹಿಡಿದು ಬಂದ ವಳ್ಳಿಯಮ್ಮ, ಇನ್ನೂ 16ರ ಹುಡುಗಿ, 1914ರ ಫೆಬ್ರವರಿ 22ರಂದು ತೀರಿಕೊಂಡಳು. ಅದೇ ವರ್ಷ ಮೂರು ಪೌಂಡಿನ ಕರ ರದ್ದಾಯಿತು. ಭಾರತೀಯರ ಮದುವೆಗೆ ಮನ್ನಣೆ ಸಿಕ್ಕಿತು. ಉಳಿದ ಅನ್ಯಾಯಗಳು ಉಳಿದವು. ಆದರೆ ನಡೆಯುವುದರಿಂದ ಕಾಯ್ದೆ ಬಗ್ಗುತ್ತದೆ ಎಂದು ಗೊತ್ತಾಯಿತು.

ಇನ್ನು ಕನ್ನಡಿಗನ ಸರದಿ.

1930ರ ಮಾರ್ಚ್ 12, ಮತ್ತೆ ಬೆಳಗಿನ ಆರೂವರೆ. ಈ ಸಲ ಸಾಬರಮತಿ. ಉಪ್ಪಿನ ಕರ ಮುರಿಯಲು ಗಾಂಧೀಜಿ ಆರಿಸಿದ ದಂಡಿನಲ್ಲಿ ದಕ್ಷಿಣ ಆಫ್ರಿಕಾದ ಜೈಲುಗಳನ್ನು ಕಂಡಿದ್ದ ಮಗ ಮಣಿಲಾಲ್ ಇದ್ದರು. ಅದೇ ಸಾಲಿನಲ್ಲಿ ಬ್ಯಾಡಗಿ ಬಳಿಯ ಮೋಟೆಬೆನ್ನೂರಿನ ಹುಡುಗನೊಬ್ಬ. ಪಟ್ಟಿಯಲ್ಲಿ ಮಹಾದೇವ ಮಾರ್ತಂಡ. ನಾವು ಕರೆಯುವುದು ಮೈಲಾರ ಮಹಾದೇವಪ್ಪ. ವಯಸ್ಸು 18. ಇಡೀ ದಂಡಿಗೆ ಕರ್ನಾಟಕದಿಂದ ಅವನೊಬ್ಬನೇ.

ದೂರ 241 ಮೈಲಿ. ಹೆಗಲಿಗೊಂದು ಚೀಲ: ಹಾಸಿಗೆ ಬಟ್ಟೆ, ಒಂದು ಜೊತೆ ಉಡುಪು, ತಕಲಿ, ದಿನಚರಿ ಪುಸ್ತಕ, ನೀರಿನ ಚೊಂಬು. ನಸುಕಿನ ನಾಲ್ಕಕ್ಕೆ ಏಳಬೇಕು. ನಡೆಯಬೇಕು, ನೂಲಬೇಕು, ಬರೆಯಬೇಕು, ಮತ್ತೆ ನಡೆಯಬೇಕು. ಗುಜರಾತಿನ ಮಾರ್ಚ್ ಬಿಸಿಲು ನೆತ್ತಿ ಸುಟ್ಟಿತು. ಕಾಲಲ್ಲಿ ಬೊಬ್ಬೆ ಎದ್ದವು. ಕೆಲವರು ಜ್ವರ ಬಂದು ಬಿದ್ದರು. ಅರವತ್ತರ ಮುದುಕ ಮುಂದೆ ಸರಸರ ನಡೆಯುತ್ತಿದ್ದರೆ ಹದಿನೆಂಟರ ಹುಡುಗ ಹಿಂದೆ ಬೀಳುವುದು ಹೇಗೆ?

19ರ ರಾತ್ರಿ ಎದುರಾಯಿತು ಮಹಿ ನದಿ.

ಸಮುದ್ರದ ಭರತ ನುಗ್ಗುವ ಅಗಲದ ಅಳಿವೆ ಅದು. ಇಳಿತವಿದ್ದಾಗ ಹೊರಟರೆ ಮೈಲಿಗಟ್ಟಲೆ ಕೆಸರು. ಭರತ ಬಂದಾಗಲೇ ದೋಣಿ ತೇಲಬೇಕು. ಭರತ ಬರುವುದು ನಡುರಾತ್ರಿಗೆ. ಕಂಕಾಪುರದ ದಂಡೆಯಲ್ಲಿ ಕಾದರು. ಮೊಣಕಾಲುದ್ದ ಕೆಸರಿಗೆ ಇಳಿದರು. ಕಾಲು ಕಿತ್ತು ಹಾಕಿದರೆ ಮತ್ತೆ ಹೂತಿತು. ಜಾರಿದರು, ಒಬ್ಬರನ್ನೊಬ್ಬರು ಹಿಡಿದರು, ದೋಣಿ ಹತ್ತಿದರು. ನೀರು ದಾಟಿದರೆ ಆಚೆಯೂ ಕೆಸರೇ. ದಂಡೆಯಲ್ಲಿ ಹಳ್ಳಿಗರು ಸಾಲಾಗಿ ಹಣತೆ ಹಿಡಿದು ನಿಂತಿದ್ದರು. ಆ ಬೆಳಕು ನೋಡಿಕೊಂಡು ಕರೇಲಿಯ ಕಡೆ ಹೆಜ್ಜೆ ಹಾಕಿದರು.

ಮುಂದಿನ ಅಪಾಯ ಆರಾಮದ್ದು. ದಾರಿ ತೋರಿಸಲು ರಾತ್ರಿ ಕೂಲಿಯವನೊಬ್ಬನ ತಲೆಯ ಮೇಲೆ ಭಾರದ ಕಿಟ್ಸನ್ ದೀಪ ಹೊರಿಸಿ ಓಡಿಸುತ್ತಿದ್ದರು. ಹಾಲು ತರಲು ಸೂರತ್ತಿಗೆ ಲಾರಿ ಹೋಗಿತ್ತು. ಭಾಟ್‌ಗಾಮ್‌ನಲ್ಲಿ ಗಾಂಧೀಜಿ ಎಲ್ಲರೆದುರು ಕಟುವಾಗಿ ಮಾತಾಡಿದರು. ಬಡವನ ಉಪ್ಪಿಗಾಗಿ ಹೊರಟವರು ಬಡವನ ತಲೆಯ ಮೇಲೆ ದೀಪ ಹೊರಿಸಬಾರದು. ದಂಡು ತಲೆ ತಗ್ಗಿಸಿತು, ನಡೆಯಿತು.

ಏಪ್ರಿಲ್ 5, ದಂಡಿ. ಕಡಲು ಕಂಡಿತು, ಉಪ್ಪು ಕಾಣಲಿಲ್ಲ. ಅಧಿಕಾರಿಗಳು ಅದನ್ನು ಮೊದಲೇ ಮಣ್ಣಿಗೆ ಬೆರೆಸಿದ್ದರು. 6ರ ಬೆಳಿಗ್ಗೆ ಮಿಂದು ಬಂದು ಹುಡುಕಿದರು. ಕೆಸರಿನ ನಡುವೆ ಉಳಿದ ಒಂದು ಹಿಡಿ ಸಿಕ್ಕಿತು. ಸಾಕಾಯಿತು! ವಾರದೊಳಗೆ, ಏಪ್ರಿಲ್ 13ರಂದು, ನಮ್ಮ ಅಂಕೋಲೆಯ ಕಡಲ ತೀರದಲ್ಲಿ ಎಂ. ಪಿ. ನಾಡಕರ್ಣಿಯವರು ಸಾವಿರಾರು ಜನರ ಎದುರು ಅದೇ ಕಾಯ್ದೆ ಮುರಿದರು.

ಮಹಾದೇವಪ್ಪ ಜೈಲಿಗೆ ಹೋದ. ಬಂದ. ಮತ್ತೆ ಹೋದ. ಮಡದಿ ಸಿದ್ಧಮ್ಮನೂ ಸಾಬರಮತಿ ಕಂಡಳು, ಸೆರೆಮನೆ ಕಂಡಳು. ಹಾವೇರಿ ಬಳಿಯ ಕೊರಡೂರಿನಲ್ಲಿ ಇಬ್ಬರೂ ಆಶ್ರಮ ಕಟ್ಟಿದರು, ಚರಕ ತಿರುಗಿಸಿದರು. 1942ರಲ್ಲಿ ಚಲೇಜಾವ್ ಕರೆ ಬಂತು. ಮಹಾದೇವಪ್ಪ ಭೂಗತನಾದ. ತಂಡ ಕಟ್ಟಿದ. ರಾತ್ರಿ ನಡೆದ, ಹಗಲು ಅಡಗಿದ. ಚಾವಡಿಗಳ ಮೇಲೆ ಬಿದ್ದ, ದಫ್ತರ ಸುಟ್ಟ. ತಂಡಕ್ಕೆ ಅವನ ಕಟ್ಟಪ್ಪಣೆ ಒಂದೇ: ಯಾರ ಜೀವಕ್ಕೂ ಅಪಾಯವಾಗಕೂಡದು.

1943ರ ಏಪ್ರಿಲ್ 1. ವರದಾ ತೀರದ ಹೊಸರಿತ್ತಿ. ರೈತರಿಂದ ವಸೂಲಿ ಮಾಡಿದ ಕಂದಾಯ ವೀರಭದ್ರ ದೇವರ ಗುಡಿಯಲ್ಲಿತ್ತು, ಪೊಲೀಸ್ ಕಾವಲಿತ್ತು. ತಂಡ ನುಗ್ಗಿತು. ಕಾವಲಿನವರನ್ನು ಕೊಲ್ಲಬಾರದೆಂಬ ನೇಮ ಆಗಲೂ ಮುರಿಯಲಿಲ್ಲ. ಪೊಲೀಸರ ಬಂದೂಕಿಗೆ ಅಂಥ ನೇಮವಿರಲಿಲ್ಲ.

ಗುಂಡು ಹಾರಿತು. ಮಹಾದೇವಪ್ಪ ಬಿದ್ದ. ತಿರಕಪ್ಪ ಮಡಿವಾಳರ ಬಿದ್ದ. ವೀರಯ್ಯ ಹಿರೇಮಠ ಬಿದ್ದ. ಮಹಾದೇವಪ್ಪನಿಗೆ ಆಗ 31 ವರ್ಷ.

ಮಹಾಲಿಂಗಪುರದ ಮಕ್ಕಳಿಗೆ ಹಲಗಲಿಯ ನಾಲ್ವರ ಹೆಸರು ಬಾಯಿಪಾಠ. ಅದರ ಜೊತೆಗೆ ಹೊಸರಿತ್ತಿಯ ಈ ಮೂವರ ಹೆಸರನ್ನೂ ಕಲಿಸಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲು ಹಿಡಿದಾಗ ಹಾವೇರಿ ಸ್ಟೇಷನ್ ಬಂದರೆ ಫಲಕ ಓದಿ. ಆ ನಿಲ್ದಾಣಕ್ಕೆ ಈಗ ಮೈಲಾರ ಮಹಾದೇವಪ್ಪನ ಹೆಸರಿದೆ.