ಬಿಸಿಯಾಗದ ಹೀಟರು ಹೇಳಿದ ಮಾತು

ಮನೆಗಳಲ್ಲಿ ಹಳೆಯ ವಸ್ತುಗಳು ಉಳಿದುಕೊಳ್ಳುವುದಕ್ಕೆ ಬಡತನವೊಂದೇ ಕಾರಣವಲ್ಲ. ಅಜ್ಜಿಯ ಕಾಲದ ತಾಮ್ರದ ಹಂಡೆ, ತಂದೆಯವರ ಕೈಗಡಿಯಾರ, ಮಕ್ಕಳು ಮೊದಲ ಸಲ ಹತ್ತಿ ಕುಳಿತ ಕಾರು, ಇವೆಲ್ಲ ನಮ್ಮೊಡನೆ ಬಾಳಿದಂಥವು. ಆದರೆ ಹಳೆಯದನ್ನು ಇಟ್ಟುಕೊಳ್ಳುವವನಿಗೆ ಅದರ ಇಂಗಿತವನ್ನು ಅರಿಯುವ ತಾಳ್ಮೆಯೂ ಬೇಕು. ಅದಿಲ್ಲದೆ ನಾನು ಪಟ್ಟ ಪಾಡನ್ನು, ಅದರಿಂದ ಕಲಿತ ನಾಲ್ಕು ಸಂಗತಿಗಳನ್ನು ಓದುಗ ಬಂಧುಗಳಲ್ಲಿ ಹಂಚಿಕೊಳ್ಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾದವನು. ನಮ್ಮ ಮನೆಯಲ್ಲಿರುವುದು 1997ರಲ್ಲಿ ತಯಾರಾದ ಮಾರುತಿ 800. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಅದಕ್ಕೆ ಕೆಲವು ತಿಂಗಳು ಮೊದಲು ನೋಂದಣಿಯಾದ್ದರಿಂದ ನಮ್ಮ ಕಾರಿನದು ಇಂದಿಗೂ ಧಾರವಾಡದ ಸಂಖ್ಯೆ. 1983ರ ಡಿಸೆಂಬರ್‌ನಲ್ಲಿ ಮೊದಲು ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಪುಟ್ಟ ವಾಹನ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಾರಾಗಿ ಬಂದಿತು. ಮೂರು ಸಿಲಿಂಡರುಗಳ, 796 ಸಿ.ಸಿ.ಯ ಅದರ ಎಂಜಿನ್ನು ಚಿಕ್ಕದು, ಸರಳವಾದದ್ದು. ಆ ಸರಳತೆಯೇ ನನ್ನಲ್ಲಿ ಅಸಡ್ಡೆಯನ್ನು ಬೆಳೆಸಿತೆಂದು ಈಗ ತೋರುತ್ತದೆ.

2018ರ ಜುಲೈ ತಿಂಗಳು. ಬಂಧುಗಳ ಮನೆಯ ಕಾರ್ಯಕ್ಕಾಗಿ ಹೊನ್ನಾಳಿ, ಶಿವಮೊಗ್ಗಗಳ ಮಾರ್ಗವಾಗಿ ತೀರ್ಥಹಳ್ಳಿಗೆ ಹೊರಟಿದ್ದೆವು. ಶಿವಮೊಗ್ಗ ದಾಟಿದ ಮೇಲೆ ಬಿಡದೆ ಮಳೆ. ಮುಂದಿನ ಗಾಜಿನ ಒಳಮೈಗೆ ಮಂಜು ಕವಿದು ದಾರಿಯೇ ಕಾಣದಂತಾಯಿತು. ಬಯಲುಸೀಮೆಯವರಾದ ನಮಗೆ ಕಾರಿನಲ್ಲಿ ಹೀಟರ್ ಎಂಬುದೊಂದಿದೆ ಎಂಬ ನೆನಪಾದದ್ದೇ ಆಗ. ಬಿಗಿದುಕೊಂಡಿದ್ದ ಹಿಡಿಯನ್ನು ಬಲವಾಗಿ ಸರಿಸಿದೆ. ಗಾಳಿ ಬಂದಿತು, ಆದರೆ ತಣ್ಣಗಿನ ಗಾಳಿ. ಮನೆಯವರು ಟವೆಲಿನಿಂದ ಗಾಜು ಒರೆಸುತ್ತ ಬಂದರು, ನಾನು ನಿಧಾನವಾಗಿ ನಡೆಸುತ್ತ ಹೋದೆ. ಊರಿಗೆ ಮರಳಿದ ಮೇಲೆ, “ರಾಣೆಬೆನ್ನೂರಿನ ಬಿಸಿಲಿಗೆ ಹೀಟರ್ ಯಾಕೆ ಬೇಕು?” ಎಂದು ನಕ್ಕು ಅದನ್ನು ಅಲ್ಲಿಗೇ ಮರೆತೆ.

ಅದೇ ದಿನಗಳಲ್ಲಿ ಮತ್ತೊಂದು ಅಭ್ಯಾಸ ಬೆಳೆದಿತ್ತು. ವಾರಕ್ಕೊಮ್ಮೆ ರೇಡಿಯೇಟರಿನಲ್ಲಿ ನೀರು ಸ್ವಲ್ಪ ಇಳಿದಿರುತ್ತಿತ್ತು. ಹಿತ್ತಲಿನ ಕೊಳವೆಬಾವಿಯ ನಲ್ಲಿಯಿಂದ ಒಂದು ತಂಬಿಗೆ ನೀರು ಹಿಡಿದು ಸುರಿಯುತ್ತಿದ್ದೆ. ನೀರು ಹೋದದ್ದೆಲ್ಲಿಗೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

2019ರ ಏಪ್ರಿಲ್. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಒಂಬತ್ತನೆಯ ತಿಂಗಳು. ವೈದ್ಯರಿಗೆ ತೋರಿಸಲು ದಾವಣಗೆರೆಗೆ ಕರೆದೊಯ್ಯುತ್ತಿದ್ದೆವು. ಹನ್ನೊಂದು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಚಳಗೇರಿಯ ಟೋಲಿನ ಸಾಲಿನಲ್ಲಿ ನಿಂತಾಗ ಉಷ್ಣದ ಮುಳ್ಳು ಮೇಲೇರಿದ್ದನ್ನು ಕಂಡೆ. ಗಾಡಿ ಓಡಿದರೆ ಗಾಳಿ ತಾಗಿ ಇಳಿದೀತೆಂದು ಮುಂದೆ ಸಾಗಿದೆ. ಇಳಿಯಲಿಲ್ಲ. ಕುಮಾರಪಟ್ಟಣದ ಹತ್ತಿರ, ಇನ್ನೇನು ತುಂಗಭದ್ರೆಯ ಸೇತುವೆ ಬರಬೇಕು ಎನ್ನುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಬದಿಗೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಬೆವರುತ್ತ ಕುಳಿತ ಮಗಳ ಮುಖ ನೋಡಿ ನನ್ನ ಬುದ್ಧಿ ಕೈಕೊಟ್ಟಿತು. ಒದ್ದೆ ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿಬಿಟ್ಟೆ.

ಮುಚ್ಚಳ ಬಿಗಿಯಾಗಿರುವಾಗ ಒಳಗೆ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ವಾತಾವರಣದ ಒತ್ತಡದ ಎರಡರಷ್ಟಾದರೆ ನೀರು ಕುದಿಯುವುದು 100ರಲ್ಲಿ ಅಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಮುಚ್ಚಳ ತೆಗೆದೊಡನೆ ಒತ್ತಡ ಬಿದ್ದು, ನೀರೆಲ್ಲ ಒಮ್ಮೆಗೇ ಕುದಿದು ಚಿಮ್ಮುತ್ತದೆ. ಇದನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸಿದವನು ನಾನೇ. ಅಂದು ಮೊಣಕೈವರೆಗೆ ಬಲಗೈ ಸುಟ್ಟುಕೊಂಡವನೂ ನಾನೇ.

ಯಾರೋ ಹಚ್ಚಲು ಟೂತ್‌ಪೇಸ್ಟ್ ತಂದರು. ಬ್ಯಾಡಗಿಯಿಂದ ದಾವಣಗೆರೆಗೆ ಹೊರಟಿದ್ದ ಕುಟುಂಬವೊಂದು ಕಾರು ನಿಲ್ಲಿಸಿತು. ಅದರಲ್ಲಿದ್ದ ತಾಯಿಯೊಬ್ಬರು ಅದನ್ನು ತಡೆದು, ತಮ್ಮಲ್ಲಿದ್ದ ಕೊಡದ ನೀರನ್ನು ಸಣ್ಣ ಧಾರೆಯಾಗಿ ಬಹಳ ಹೊತ್ತು ಕೈಮೇಲೆ ಬಿಟ್ಟರು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರೇ ಮೊದಲ ಚಿಕಿತ್ಸೆ ಎಂದು ನಂತರ ವೈದ್ಯರೂ ಹೇಳಿದರು. ಅವರೇ ನಮ್ಮೆಲ್ಲರನ್ನೂ ಆಸ್ಪತ್ರೆ ಮುಟ್ಟಿಸಿದರು. ಮಗಳಿಗೆ ಏನೂ ಆಗಲಿಲ್ಲ. ರಾತ್ರಿ ಮನೆಯವರು ಒಂದೇ ಮಾತು ಹೇಳಿದರು: “ಕುಕ್ಕರಿನ ಸೀಟಿ ಇಳೀದ ನಾ ಎಂದಾದರೂ ಮುಚ್ಚಳ ತೆಗದೇನೇನ್ರಿ?” ನನ್ನಲ್ಲಿ ಉತ್ತರವಿರಲಿಲ್ಲ.

ಕಾರನ್ನು ಎಳೆಸಿಕೊಂಡು ಬಂದು ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿ ಬಿಟ್ಟೆವು. ಅವರು ಕೇಳಿದ ಮೊದಲ ಪ್ರಶ್ನೆ ನನ್ನನ್ನು ಬೆರಗುಗೊಳಿಸಿತು. “ಮಾಸ್ತರ್ರ, ಹೋದ ಮಳಿಗಾಲದಾಗ ಹೀಟರ್ ಬಿಸಿಗಾಳಿ ಬಿಡ್ತಿತ್ತೇನ್ರಿ?” ತೀರ್ಥಹಳ್ಳಿಯ ದಾರಿಯ ಕಥೆ ಹೇಳಿದೆ. ಅವರು ತಲೆಯಾಡಿಸಿದರು. “ಹಂಗಾರ ಗಾಡಿ ಇವತ್ತ ಕೆಟ್ಟಿಲ್ಲರಿ. ಅವತ್ತ ಹೇಳೇತಿ, ನೀವು ಕೇಳಿಲ್ಲ.”

ಅವರು ಬಿಡಿಸಿ ಹೇಳಿದ್ದು ಹೀಗೆ. ಕಾರಿನ ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನನ್ನು ತಣಿಸಿ ಬಿಸಿಯಾದ ನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಕೆಳಗಿರುವ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ. ಅದರ ಮೂಲಕ ಬೀಸಿದ ಗಾಳಿಯೇ ಬಿಸಿಗಾಳಿ. ಅದರ ಕೊಳವೆಗಳು ಸಣ್ಣವು. ನೀರು ಕಡಿಮೆಯಾದರೆ ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಹಕ್ಕಳೆ ಕಟ್ಟಿದರೆ ಮೊದಲು ಮುಚ್ಚಿಹೋಗುವುದೂ ಅದೇ. ಎಂಜಿನ್ನು ಬಿಸಿಯಾಗಿದ್ದೂ ಹೀಟರು ತಣ್ಣಗಿದ್ದರೆ, ಅದು ಚಳಿಗಾಲದ ಸುಖದ ಪ್ರಶ್ನೆಯಲ್ಲ, ಎಂಜಿನ್ನಿನ ಆರೋಗ್ಯದ ಪ್ರಶ್ನೆ.

ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ದೋಷ ಗಾಳಿಯ ಬಾಗಿಲಲ್ಲಿ ಅಥವಾ ಅದರ ತಂತಿಯಲ್ಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ನೀರು ಒಳಗೆ ಹರಿಯುತ್ತಿಲ್ಲ. ಕವಾಟ ಮುಚ್ಚಿರಬಹುದು, ಹಕ್ಕಳೆಯೋ ಗಾಳಿಯೋ ಸಿಕ್ಕಿರಬಹುದು. ಎರಡೂ ತಣ್ಣಗಿದ್ದರೆ ನೀರಿನ ಮಟ್ಟವನ್ನೂ ಥರ್ಮೋಸ್ಟಾಟನ್ನೂ ನೋಡಬೇಕು.

ನಮ್ಮ ಕಾರಿನಲ್ಲಿ ಮೂರು ದೋಷಗಳಿದ್ದವು. ವಾಟರ್ ಪಂಪಿನ ಸೀಲು ಸವೆದು ನೀರು ಹನಿಹನಿಯಾಗಿ ಹೋಗುತ್ತಿತ್ತು; ಒಣಗಿದ ಬಿಳಿ ಗೆರೆ ಅದಕ್ಕೆ ಸಾಕ್ಷಿ. ಬಿಸಿ ಎಂಜಿನ್ನಿನ ಮೇಲೆ ಬಿದ್ದದ್ದು ಆರಿಹೋಗುತ್ತಿದ್ದುದರಿಂದ ನೆಲದ ಮೇಲೆ ಗುರುತಿರಲಿಲ್ಲ. ರೇಡಿಯೇಟರ್ ಮತ್ತು ಹೀಟರಿನ ಕೊಳವೆಗಳಲ್ಲಿ ಸುಣ್ಣದ ಹಕ್ಕಳೆ ಕಟ್ಟಿತ್ತು. ಬಚ್ಚಲಮನೆಯ ಹಂಡೆಯ ತಳದಲ್ಲಿ ಪ್ರತಿ ವರ್ಷ ನಾವು ಕೆರೆದು ತೆಗೆಯುವ ಬಿಳಿ ಪದರ ಅದೇ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಲವಣಗಳು ಕಾರ್ಬೊನೇಟಾಗಿ ತಳಸೇರುತ್ತವೆ ಎಂಬುದೂ ನಾನು ಕಲಿಸಿದ ಪಾಠವೇ. ಹೊರಗಿನ ರೆಕ್ಕೆಗಳಲ್ಲಿ ರಸ್ತೆಯ ಮೇಲೆ ಒಕ್ಕಲಿಗೆ ಹರವಿದ ಬೆಳೆಯ ಹೊಟ್ಟು ಸಿಕ್ಕಿಕೊಂಡು ಗಾಳಿಗೂ ದಾರಿಯಿರಲಿಲ್ಲ.

ಮೂರನೆಯದು ಥರ್ಮೋಸ್ಟಾಟ್. ಅದನ್ನು ನಾನೇ ಮನೆಗೆ ತಂದು, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟು ಪರೀಕ್ಷಿಸಿದೆ. ಸುಮಾರು 80 ಡಿಗ್ರಿ ದಾಟಿದ ಮೇಲೆ ತೆರೆಯಬೇಕಾದ ಆ ಕವಾಟ ನೀರು ಮರಳುವಾಗಲೂ ಅರ್ಧವೇ ತೆರೆದಿತ್ತು. “ನಮ್ಮ ಬಿಸಿಲಿಗೆ ಅದು ಬೇಡ, ತೆಗೆದು ಬಿಸಾಡಿ” ಎನ್ನುವವರು ಹಲವರಿದ್ದಾರೆ. ಆದರೆ ಅದಿಲ್ಲದಿದ್ದರೆ ಎಂಜಿನ್ನು ತಕ್ಕ ಬಿಸಿಗೆ ಬರಲು ತಡವಾಗಿ ಪೆಟ್ರೋಲು ಹೆಚ್ಚು ಉರಿಯುತ್ತದೆ, ಸವೆತವೂ ಹೆಚ್ಚು, ಹೀಟರೂ ಉಗುರುಬೆಚ್ಚಗೇ ಉಳಿಯುತ್ತದೆ. ನಾವು ಹೊಸದನ್ನೇ ಹಾಕಿಸಿದೆವು.

ಪುಣ್ಯವಶಾತ್ ಹೆಡ್ ಗ್ಯಾಸ್ಕೆಟ್ ಹೋಗಿರಲಿಲ್ಲ. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುವುದು, ಆಯಿಲು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುವುದು, ಇವು ಅದರ ಲಕ್ಷಣಗಳು. ಇಂಥವು ಕಂಡರೆ ಕಾರನ್ನು ಒಂದು ಮೈಲಿಯೂ ಓಡಿಸಬಾರದು.

ಹಳೆಯ ಕಾರಿರುವ ಮನೆಯವರಿಗೆ ನನ್ನ ವಿನಂತಿ ಇಷ್ಟು. ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ನು ಪೂರ್ತಿ ತಣ್ಣಗಿರುವಾಗ ಮಾತ್ರ ನೀರಿನ ಮಟ್ಟ ನೋಡಿರಿ. ಇಳಿಯುತ್ತಿದ್ದರೆ ತುಂಬುವುದರ ಜೊತೆಗೆ ಕಾರಣವನ್ನೂ ಹುಡುಕಿಸಿರಿ. ಕೊಳವೆಬಾವಿಯ ನೀರು ಬೇಡ. ಬ್ಯಾಟರಿಗೆ ಹಾಕುವ ಶುದ್ಧ ನೀರು ಮತ್ತು ಕೂಲೆಂಟನ್ನು ಸಮಪಾಲಿನಲ್ಲಿ ಬೆರೆಸಿ ಹಾಕಿರಿ. ನಮ್ಮಲ್ಲಿ ನೀರು ಹೆಪ್ಪುಗಟ್ಟದಿದ್ದರೂ ಕೂಲೆಂಟು ತುಕ್ಕನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಹೊಸದಾಗಿ ತುಂಬುವಾಗ ಹೀಟರಿನ ಹಿಡಿಯನ್ನು ಬಿಸಿಯ ಕಡೆಗೆ ಇಟ್ಟು, ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ, ಗಾಳಿಯ ಗುಳ್ಳೆ ಹೊರಹೋದಂತೆಲ್ಲ ನೀರು ಸೇರಿಸಬೇಕು. ಬಿಸಿಯಾದಾಗ ಫ್ಯಾನು ತಾನಾಗಿ ತಿರುಗುವುದೇ ಎಂದು ನೋಡಿರಿ. ತಿರುಗದಿದ್ದರೆ ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಕಿಟಕಿ ತೆರೆದು ಹೀಟರನ್ನು ಪೂರ್ತಿ ಬಿಡಿರಿ. ಬೆವರಿಳಿದರೂ ಎಂಜಿನ್ನಿನ ಬಿಸಿಯ ಒಂದು ಪಾಲು ಹೊರಹೋಗುತ್ತದೆ. ಆದಷ್ಟು ಬೇಗ ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ಆರಿಸಿರಿ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಮುಳ್ಳು ಒಮ್ಮೆಲೇ ಕೆಳಗಿಳಿದರೆ ಹಿಗ್ಗಬೇಡಿರಿ. ನೀರೇ ಬರಿದಾಗಿ ಅಳೆಯುವ ಸಾಧನಕ್ಕೆ ನೀರು ತಾಗದಿದ್ದರೂ ಹಾಗಾಗುತ್ತದೆ. ಮುಚ್ಚಳದ ವಿಷಯ ನಾನು ಮತ್ತೆ ಹೇಳಬೇಕಾಗಿಲ್ಲ.

ಆ ಘಟನೆಯಾದ ಹತ್ತನೆಯ ದಿನ ಮೊಮ್ಮಗಳು ಹುಟ್ಟಿದಳು. ದಾದಿ ಕೂಸನ್ನು ಎತ್ತಿ ಕೊಡಲು ಬಂದಾಗ ನನ್ನ ಬಲಗೈಗೆ ಇನ್ನೂ ಪಟ್ಟಿ ಕಟ್ಟಿತ್ತು. ಎಲ್ಲರೂ ಎತ್ತಿಕೊಂಡರು, ನಾನು ಎಡಗೈಯಿಂದ ಅದರ ಪಾದ ಮುಟ್ಟಿ ಸುಮ್ಮನಾದೆ. ಸುಟ್ಟ ನೋವಿಗಿಂತ ಆ ಕ್ಷಣದ ನೋವೇ ನನಗೆ ಹೆಚ್ಚು ನೆನಪಿದೆ.

ಈಗ ಅವಳು ಶಾಲೆಗೆ ಹೋಗುವ ಹುಡುಗಿ. ರಜೆಗೆ ಬಂದಾಗ ಅದೇ ಕಾರಿನಲ್ಲಿ ಮುಂದೆ ಕುಳಿತು, ಹೀಟರಿನ ಹಿಡಿ ಸರಿಸಿ, ಕಿಂಡಿಗೆ ಅಂಗೈ ಒಡ್ಡುತ್ತಾಳೆ. “ಅಜ್ಜಾ, ಬಿಸಿ ಬಂತು” ಎಂದು ಅವಳು ಹೇಳಿದ ಮೇಲೆಯೇ ನಾವು ಊರು ಬಿಡುವುದು.