ಕಬ್ಬಿನ ಬದಿಯ ಡೇರೆ

12 ಡಿಸೆಂಬರ್ 2025, ಶುಕ್ರವಾರ, ಶಿರೂರು (ಪುಣೆ ಜಿಲ್ಲೆ)

ನಾಳೆಯಿಂದ ಡೇರೆವಾಸ. ಮೋರಾಚಿ ಚಿಂಚೋಳಿಯ ಕಡೆ ಯಾರೋ ತಮ್ಮ ಹೊಲದಲ್ಲಿ 'ಆಫ್ರಿಕನ್ ಸಫಾರಿ ಟೆಂಟ್' ಹಾಕಿದ್ದಾರಂತೆ. ಒಳಗೆ ಎ.ಸಿ., ಗೀಸರ್, ಹೊರಗೆ ನವಿಲು. ಮಗ ನನ್ನನ್ನು ಕೇಳದೆಯೇ ಬುಕ್ ಮಾಡಿದ್ದಾನೆ. ಆಗಸ್ಟ್‌ನಲ್ಲಿ ಅವನಕ್ಕ ನೈರೋಬಿಗೆ ಕರೆಸಿಕೊಂಡು ಮಸಾಯಿ ಮಾರಾದ ಡೇರೆಯಲ್ಲಿ ನನ್ನನ್ನು ಮಲಗಿಸಿದ್ದಳಲ್ಲ, ಇವನು ಹಿಂದೆ ಬೀಳಬಾರದು. ಮಕ್ಕಳ ಪೈಪೋಟಿಯಲ್ಲಿ ತಾಯಿಗೆ ಲಾಭವಾಗುವುದು ಅಪರೂಪ. ಬೇಡವೆನ್ನಲಿಲ್ಲ.

ಮಾರಾದ್ದು ಹೆಸರಿಗೆ ಡೇರೆ. ಮರದ ಅಟ್ಟದ ಮೇಲೆ ದಪ್ಪ ಕ್ಯಾನ್ವಾಸಿನ ಮನೆ, ಬಾಗಿಲಿಗೆ ಜಿಪ್ಪು. ಊಟ ಮುಗಿಸಿ ಬರುವಷ್ಟರಲ್ಲಿ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಿದ್ದರು. ಸುತ್ತ ಬೇಲಿಯಿಲ್ಲ. ಕತ್ತಲಾದ ಮೇಲೆ ಊಟದ ಡೇರೆಗೆ ಹೋಗಬೇಕಾದರೂ ಟಾರ್ಚು ಹಿಡಿದ ಕಾವಲಿನವನು ಜೊತೆಗೆ ಬರಬೇಕು. ಅವನಿಗೆ ಅಲ್ಲಿ ಅಸ್ಕಾರಿ ಎನ್ನುತ್ತಾರೆ. ನಡುರಾತ್ರಿ ನೀರಾನೆ ಹೊಳೆಯಿಂದ ಮೇಲೆ ಬಂದು ನಮ್ಮ ತಲೆದಿಂಬಿನ ಪಕ್ಕದಲ್ಲೇ ಪರಪರ ಹುಲ್ಲು ಕೀಳುತ್ತಿತ್ತು. ಮಗಳು ನನ್ನ ಕೈ ಹಿಡಿದುಕೊಂಡಳು. ನನಗೆ ಅಂಥ ಭಯವಾಗಲಿಲ್ಲ. ಅಸ್ಕಾರಿಯ ಕೆಮ್ಮು ಕೇಳಿಸುತ್ತಿತ್ತು.

ಈ ಡೇರೆಗಳ ಹುಟ್ಟು ಬೇಟೆಯಲ್ಲಿ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮೊಂಬಾಸಾದಲ್ಲಿ ಬಂದಿಳಿದಾಗ ಡೇರೆ, ಮಂಚ, ಕೊನೆಗೆ ಅವರ ಪುಸ್ತಕದ ಪೆಟ್ಟಿಗೆಯವರೆಗೂ ತಲೆಯ ಮೇಲೆ ಹೊತ್ತು ನಡೆದವರು ನೂರಾರು ಹಮಾಲಿಗಳು. 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿತು. ಬಂದೂಕು ಹೋಯಿತು, ಡೇರೆ ಉಳಿಯಿತು. ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಥೆಯೂ ಇದೇ. ಕಾಡಾನೆ ಹಿಡಿಯುವ ಕಾಕನಕೋಟೆ ಖೆಡ್ಡಾ ನೋಡಲು ಬರುವ ದೊಡ್ಡವರ ಡೇರೆಗೆ ಗೂಟ ಹೊಡೆದವರಲ್ಲಿ ನಮ್ಮ ತಾತನೂ ಒಬ್ಬರು. ತಾತ ಆನೆಯ ಕಥೆ ಹೇಳಿದ್ದು ಕಡಿಮೆ. ಹೇಳುತ್ತಿದ್ದದ್ದೆಲ್ಲ ರಾತ್ರಿಯಿಡೀ ಸೌದೆ ಒಟ್ಟಿ ಬೆಂಕಿ ಕಾದದ್ದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಹಿನ್ನೀರು ಆ ಜಾಗವನ್ನು ನುಂಗಿತು. ಕಾರಾಪುರದ ಮಹಾರಾಜರ ಬೇಟೆ ಬಂಗಲೆ ಜಂಗಲ್ ಲಾಡ್ಜಸ್‌ನವರ ರೆಸಾರ್ಟ್ ಆಯಿತು.

13 ಡಿಸೆಂಬರ್, ಶನಿವಾರ, ಚಿಂಚೋಳಿ ದಾರಿ

ಡೇರೆ ಚೆನ್ನಾಗಿಯೇ ಇದೆ. ಗೋಡೆಗೆ ಸಿಂಹದ ಫೋಟೊ ಹಾಕಿದ್ದಾರೆ, ಶಿರೂರು ತಾಲ್ಲೂಕಿನಲ್ಲಿ ಸಿಂಹ ಯಾಕೆಂದು ಮೊಮ್ಮಗ ಕೇಳಿದ, ಉತ್ತರ ಯಾರ ಬಳಿಯೂ ಇರಲಿಲ್ಲ. ಹುಣಸೆ ಮರಗಳ ಕೆಳಗೆ ನವಿಲುಗಳು ಕೋಳಿಗಳಷ್ಟೇ ಸಲೀಸಾಗಿ ಓಡಾಡುತ್ತವೆ. ಮಧ್ಯಾಹ್ನ ಪಿಠಲಾ-ಭಾಕರಿ, ಸಂಜೆ ಹುರಡಾ: ಎಳೆ ಜೋಳದ ತೆನೆಯನ್ನು ಬೆರಣಿ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಉತ್ತರ ಕರ್ನಾಟಕದವರ ಸೀತನಿ ಇದೇ. ಮೈಸೂರು ಕಡೆಯ ನಾನು ಇಷ್ಟು ವರ್ಷ ಇದನ್ನು ತಿನ್ನದೆ ಬದುಕಿದ್ದೇ ಸೋಜಿಗ.

ಆರೂವರೆಗೆ ಮಾಲೀಕರು ಬಂದು, ಇನ್ನು ಬೇಲಿ ದಾಟಬೇಡಿ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ ಎಂದರು. ಕಾರಣ ಬಿಬಟ್ಯಾ, ಮರಾಠಿಯಲ್ಲಿ ಚಿರತೆ. "ಇಲ್ಲಿಗೆ ಬರೋದಿಲ್ಲ ಕಾಕೂ, ಅದೆಲ್ಲ ಪಿಂಪರಖೇಡ ಕಡೆ" ಎಂದು ಕೂಡಲೇ ಸಮಾಧಾನವನ್ನೂ ಹೇಳಿದರು. ಪಿಂಪರಖೇಡವೂ ಇದೇ ತಾಲ್ಲೂಕು. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ, ಪಕ್ಕದ ಜಾಂಬುತ್‌ನಲ್ಲಿ ಚಿರತೆಗೆ ಮೂರು ಜೀವ ಹೋದವು, ಅದರಲ್ಲಿ ಎರಡು ಮಕ್ಕಳವು. ಜನ ರಸ್ತೆ ತಡೆದರು, ಅರಣ್ಯ ಇಲಾಖೆಯ ಜೀಪು ಸುಟ್ಟರು. ಕೊನೆಗೆ ಗುರಿಕಾರರನ್ನು ಕರೆಸಿ ಒಂದು ಚಿರತೆಯನ್ನು ಹೊಡೆಯಬೇಕಾಯಿತು. ಆಮೇಲೆ ಟಿವಿಯಲ್ಲಿ ನೋಡಿದ ಒಂದು ದೃಶ್ಯ ಮರೆಯಲಾಗಿಲ್ಲ. ಹೊಲಕ್ಕೆ ಹೊರಟ ಹೆಂಗಸರು ಕೊರಳಿಗೆ ಮೊಳೆ ಬಡಿದ ಪಟ್ಟಿ ಕಟ್ಟಿಕೊಂಡಿದ್ದರು. ಚಿರತೆ ಹಿಂದಿನಿಂದ ಬಂದು ಕುತ್ತಿಗೆಗೇ ಬಾಯಿ ಹಾಕುತ್ತದೆ, ಅದಕ್ಕೆ. ಕುರಿ ಕಾಯುವ ನಾಯಿಗೆ ಕಟ್ಟುವ ಪಟ್ಟಿ ಅದು. ಮಂಗಳಸೂತ್ರದ ಮೇಲೆ ಕಬ್ಬಿಣದ ಮುಳ್ಳು.

ಹಿಡಿದು ಎಲ್ಲಾದರೂ ದೂರ ಬಿಟ್ಟುಬರಬಾರದೆ ಎಂದ ಮಗ. ಪಕ್ಕದ ಪಾರನೇರ್ ತಾಲ್ಲೂಕಿನ ಟಾಕಳಿ ಢೋಕೇಶ್ವರದಲ್ಲಿ 2009ರಲ್ಲಿ ಬಾವಿಗೆ ಬಿದ್ದ ಒಂದು ಗಂಡು ಚಿರತೆಯನ್ನು ಎತ್ತಿ, ಚಿರತೆ ಸಂಶೋಧಕಿ ವಿದ್ಯಾ ಅತ್ರೇಯ ಅವರ ತಂಡ ಕೊರಳಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿಯಲ್ಲಿ ಬಿಟ್ಟಿತು. 'ಆಜೋಬಾ' ಎಂದು ಹೆಸರಿಟ್ಟ ಆ ಪ್ರಾಣಿ 120 ಕಿಲೋಮೀಟರ್ ನಡೆದು ಮುಂಬೈಯ ರಾಷ್ಟ್ರೀಯ ಉದ್ಯಾನ ತಲುಪಿತ್ತು. ಬಿಟ್ಟಲ್ಲಿ ಇರುವ ಜಾತಿಯಲ್ಲ ಅದು. 2014ರಲ್ಲಿ ಮರಾಠಿ ಸಿನಿಮಾ ಕೂಡ ಬಂತು. ಮಗ ಸಿನಿಮಾ ನೋಡಿದ್ದಾನೆ, ವಿಷಯ ತಲೆಗೆ ಹೋಗಿಲ್ಲ.

14 ಡಿಸೆಂಬರ್, ಭಾನುವಾರ

ರಾತ್ರಿ ನಾಯಿಗಳು ಬಹಳ ಹೊತ್ತು ಬೊಗಳಿದವು, ನವಿಲು ಕೂಗಿತು. ಮಾಲೀಕರ ಆಳು ಪಟಾಕಿ ಹೊಡೆದ. ಆಮೇಲೆ ಎ.ಸಿ.ಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಈ ಚಳಿಯಲ್ಲಿ ಎ.ಸಿ. ಯಾಕೆಂದರೆ, ದುಡ್ಡು ಕೊಟ್ಟಿದ್ದೇವೆ ಅಂತಾನೆ ಮಗ!

ಬೆಳಗ್ಗೆ ಸೊಸೆಯ ಜೊತೆ ಕಾಲುವೆ ದಂಡೆಯ ಮೇಲೆ ನಡೆಯಲು ಹೋದೆ. ಕಬ್ಬು ಕಡಿಯುತ್ತಿದ್ದರು. ಕಟಾವಾದ ಹೊಲದ ಅಂಚಿಗೆ ಕೋಪಿಗಳು: ಬಿದಿರು ಬಗ್ಗಿಸಿ ಮೇಲೆ ಪ್ಲಾಸ್ಟಿಕ್ ಹಾಳೆ, ಕಬ್ಬಿನ ಒಣ ರವದಿ ಹೊದಿಸಿದ ಗುಡಿಸಲು. ನನ್ನಂಥವಳೂ ನಡು ಬಗ್ಗಿಸಿಯೇ ಒಳಗೆ ಹೋಗಬೇಕು. ಬಾಗಿಲಿನ ಜಾಗದಲ್ಲಿ ಹಳೆಯ ಸೀರೆ. ಕಬ್ಬು ಕಡಿಯಲು ಹೆಚ್ಚಾಗಿ ಬರುವ ಬೀಡ್ ಜಿಲ್ಲೆಯವರಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಒಬ್ಬಳು ಮಗುವನ್ನು "ಬಾರೋ ಇಲ್ಲಿ, ಬ್ಯಾಡಂದ್ರ ಕೇಳೂದಿಲ್ಲ" ಎಂದು ಗದರಿದಳು.

"ಯಾವೂರಮ್ಮ ನಿಮ್ದು?"

"ಬಿಜಾಪುರ ಜಿಲ್ಲಾದವ್ರೀ, ತಾಂಡಾದ ಮಂದಿ. ನೀವು ಕನ್ನಡದವ್ರೇನ್ರಿ ಅವ್ವಾ?" ಎಂದು ಕಬ್ಬು ಕಡಿಯುವ ಕೋಯ್ತಾ ಕೆಳಗಿಟ್ಟು ಬಂದಳು. ದೀಪಾವಳಿ ಮುಗಿಸಿ ಗ್ಯಾಂಗಿನ ಜೊತೆ ಬಂದವರು, ಯುಗಾದಿ ಹೊತ್ತಿಗೆ ಊರು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು ಕೋಯ್ತಾ. ಮುಂಗಡವೂ ಜೋಡಿಗೇ, ಗ್ಯಾಂಗಿನ ಮೇಸ್ತ್ರಿ ಮುಕಾದಮನ ಕೈಯಿಂದ.

ರಾತ್ರಿ ಹೇಗೆ ಎಂದು ಕೇಳಿದೆ. "ಹುಡುಗೂರ್ನ ನಟ್ಟ ನಡುವ ಹಾಕ್ಕೋತೀವ್ರಿ. ಬಾಗ್ಲಾಗ ಒಲಿ ಆರಗೊಡೂದಿಲ್ಲ. ತಾಟು ಇಟ್ಕೊಂಡಿರ್ತೀವಿ, ಸಪ್ಪಳಾದ್ರ ಬಡೀತೀವಿ." ಕಕ್ಕಸು? ನಕ್ಕಳು, ಕಬ್ಬಿನ ಕಡೆ ಕೈ ತೋರಿಸಿದಳು. ಬೆಳಗಿನ ನಾಲ್ಕಕ್ಕೇ ಏಳಬೇಕು, ಆಗಿನ್ನೂ ಕತ್ತಲೆ. ಹೆಂಗಸರು ಮೂವರು ನಾಲ್ವರು ಸೇರಿಕೊಂಡೇ ಹೋಗುತ್ತಾರಂತೆ.

"ಹೆದರಿಕೆ ಆಗಲ್ವಾ?"

"ಆಗ್ತದ್ರಿ. ಆದ್ರ ಅಡ್ವಾನ್ಸ್ ಉಂಡು ಬಂದೀವಲ್ರಿ."

ಕೊನೆಯ ಸಾಲುಗಳು ಉಳಿದಾಗ ಎಲ್ಲರೂ ಕೂಗುತ್ತಾ ಕಡಿಯುತ್ತಾರೆ. ಒಳಗೆ ಏನಿದ್ದರೂ ಆಗಲೇ ಹೊರಬೀಳಬೇಕು. ವರ್ಷವಿಡೀ ನಿಲ್ಲುವ ಬೆಳೆ, ನೀರು, ನೆರಳು, ಊರ ನಾಯಿ, ಹಂದಿ ಎಲ್ಲ ಇದ್ದ ಮೇಲೆ ಚಿರತೆಗೆ ಕಾಡೇಕೆ? ಮರಿ ಹಾಕುವುದೂ ಕಬ್ಬಿನೊಳಗೇ. ಕಟಾವಿನಲ್ಲಿ ಮರಿ ಸಿಕ್ಕರೆ ಅರಣ್ಯ ಇಲಾಖೆಯವರೂ ಜುನ್ನರ್ ಪಕ್ಕದ ಮಾಣಿಕಡೋಹದ ಚಿರತೆ ಕೇಂದ್ರದ ವೈಲ್ಡ್‌ಲೈಫ್ ಎಸ್‌ಒಎಸ್‌ನವರೂ ಬರುತ್ತಾರೆ. ಮರಿಯನ್ನು ಪರೀಕ್ಷಿಸಿ, ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರ ಕ್ಯಾಮೆರಾ ಕಟ್ಟುತ್ತಾರೆ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಹೋದ ವರ್ಷ ಹೀಗೇ ಆಯಿತೆಂದು ಆಕೆಯೂ ಹೇಳಿದಳು. ಅವಳಿಗೆ ಯಾವ ಊರು ಎಂಬುದು ನೆನಪಿಲ್ಲ, ಮರಿಯ ಕಣ್ಣು ಇನ್ನೂ ತೆರೆದಿರಲಿಲ್ಲ ಎಂಬುದು ನೆನಪಿದೆ.

ಹಿಂತಿರುಗುವಾಗ ಸೊಸೆ, ನಮ್ಮ ಡೇರೆಯ ಒಂದು ರಾತ್ರಿಯ ಬಾಡಿಗೆ ಎಷ್ಟೆಂದು ಮೆಲ್ಲಗೆ ಹೇಳಿದಳು. ಇಲ್ಲಿ ಬರೆಯುವುದಿಲ್ಲ.

16 ಡಿಸೆಂಬರ್, ಮಂಗಳವಾರ, ಶಿರೂರು

ಸರಗೂರಿನಿಂದ ತಮ್ಮನ ಫೋನು. ಹುಲಿ ದಾಳಿಗೆ ರೈತರು ಸತ್ತ ಮೇಲೆ ನವೆಂಬರ್ 7ರಂದು ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿದರಲ್ಲ, ಅದರ ಬಗ್ಗೆ ಊರಲ್ಲಿ ಎರಡು ಪಕ್ಷವಾಗಿದೆಯಂತೆ. ರೆಸಾರ್ಟ್ ಕೆಲಸಕ್ಕೆ ಹೋಗುವ ಹುಡುಗರ ಮನೆಯವರು ಒಂದು ಕಡೆ, ಹತ್ತಿ ಹೊಲದವರು ಇನ್ನೊಂದು ಕಡೆ. ಇಬ್ಬರದೂ ಹೊಟ್ಟೆಪಾಡೇ.

ಮಾರಾದ ಜಗಳವೂ ಹೀಗೆಯೇ. ನಾವು ಹೋದ ಆಗಸ್ಟ್‌ನಲ್ಲೇ ರಿಟ್ಜ್-ಕಾರ್ಲ್‌ಟನ್‌ನವರು ಅಲ್ಲಿ 20 ಡೇರೆಗಳ ಶಿಬಿರ ತೆರೆದರು, ಬಾಡಿಗೆ ಆಗ ರಾತ್ರಿಗೆ 3,500 ಡಾಲರ್‌ನಿಂದ ಶುರುವಾಗುತ್ತಿತ್ತು. ಪ್ರಾಣಿಗಳು ಓಡಾಡುವ ದಾರಿಗೆ ಅಡ್ಡ ಎಂದು ಮಸಾಯಿ ನಾಯಕರೊಬ್ಬರು ಕೋರ್ಟಿಗೆ ಹೋದರು. ಆದರೆ ಅಲ್ಲಿ ಇನ್ನೊಂದು ಪದ್ಧತಿಯೂ ಇದೆ, ನಮ್ಮ ಡ್ರೈವರ್ ವಿವರಿಸಿದ. 1,510 ಚದರ ಕಿ.ಮೀ. ಸರ್ಕಾರಿ ಮೀಸಲು ಪ್ರದೇಶದ ಹೊರಗೆ ಮಸಾಯಿ ಕುಟುಂಬಗಳ ಸ್ವಂತ ಭೂಮಿ ಉಂಟು. ಅದನ್ನು ಒಟ್ಟುಗೂಡಿಸಿ ಡೇರೆ ಶಿಬಿರಗಳಿಗೆ ಗುತ್ತಿಗೆ ಕೊಡುತ್ತಾರೆ. ಪ್ರವಾಸಿ ಬರಲಿ ಬಿಡಲಿ, ಬಾಡಿಗೆ ಮನೆಗೆ ಬರುತ್ತದೆ. ಸಿಂಹದ ಪಕ್ಕದಲ್ಲಿ ಬದುಕುವವನಿಗೆ ಸಿಂಹದಿಂದ ಏನಾದರೂ ದಕ್ಕಬೇಕು ಎನ್ನುವಷ್ಟು ವಿವೇಕ. ಅಲ್ಲೂ ಹೆಚ್ಚಿನ ಭೂಮಿ ಗಂಡಸರ ಹೆಸರಲ್ಲೇ ಇದೆ, ಅದು ಬೇರೆ ಮಾತು.

ಇಲ್ಲಿ ಜುನ್ನರ್‌ನ ಆಂಬೇಗವ್ಹಾಣದಲ್ಲಿ ಬಿಬಟ್ಯಾ ಸಫಾರಿ ಮಾಡಬೇಕೆಂಬ ಯೋಜನೆ ಕೆಲವು ವರ್ಷಗಳಿಂದ ಓಡಾಡುತ್ತಿದೆ. ಆಗಲಿ, ಬೇಡವೆನ್ನುವುದಿಲ್ಲ. ಡೇರೆಗಳೂ ಬರಲಿ, ನನ್ನಂಥ ಮುದುಕಿಯರು ಬಂದು ಮಲಗಲಿ. ಆದರೆ ಚಿರತೆಯ ಹೆಸರಲ್ಲಿ ಒಂದು ರೂಪಾಯಿ ಟಿಕೆಟ್ ಹರಿಯುವ ಮೊದಲು ಈ ತಾಲ್ಲೂಕುಗಳ ಪ್ರತಿ ಕಬ್ಬಿನ ಗ್ಯಾಂಗಿಗೆ ಬಾಗಿಲಿರುವ ತಗಡಿನ ಕೋಣೆ, ಒಂದು ದೀಪ, ಒಂದು ಕಕ್ಕಸು ಆಗಬೇಕು. ರೈತರು ಕೇಳುತ್ತಿರುವ ಹಗಲು ಕರೆಂಟೂ ಅದರ ಜೊತೆಗೇ ಬರಬೇಕು, ನೀರು ಬಿಡಲು ನಡುರಾತ್ರಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಇದನ್ನೇ ಮರಾಠಿಯಲ್ಲಿ ಬರೆದುಕೊಡು ಎಂದು ಸೊಸೆಗೆ ಹೇಳಿದ್ದೇನೆ. ಗುರುವಾರ ಶಿರೂರು ತಹಶೀಲ್ ಕಚೇರಿಗೆ ನಾವಿಬ್ಬರೂ ಹೋಗುತ್ತೇವೆ.