ದಿನಕ್ಕೆ ಮುನ್ನೂರು ರೂಪಾಯಲ್ಲಿ ಒಂದು ರಾಜಧಾನಿ

ನಮ್ಮ ಆಫೀಸಿನಲ್ಲಿ ರಜೆ ಹಾಕೋ ಮುಂಚೆ ಎಕ್ಸೆಲ್ ಶೀಟ್ ಮಾಡೋದು ಒಂದು ಸಂಪ್ರದಾಯ. ದುಬೈಗೆ ಹೋಗೋರು, ಸಿಂಗಪುರಕ್ಕೆ ಹೋಗೋರು, ಎಲ್ಲರೂ "ದಿನಕ್ಕೆ ಇಷ್ಟೇ ಖರ್ಚು" ಅಂತ ಒಂದು ಕಾಲಂ ಹಾಕಿ ಮೆಟ್ರೋ ಪಾಸು, ಹಾಸ್ಟೆಲ್ಲು, ಬ್ರೆಡ್ಡು ಅಂತ ತುಂಬಿಸ್ತಾ ಕೂತಿರ್ತಾರೆ. ಶ್ರೀಮಂತ ಊರನ್ನ ಬಡವನ ಜೇಬಲ್ಲಿ ನೋಡೋದರಲ್ಲಿ ಒಂಥರಾ ಮಜಾ ಇದೆ ಬಿಡಿ. ಈ ಸಲ ನಾನೂ ಒಂದು ಶೀಟ್ ಮಾಡಿದೆ. ದಿನಕ್ಕೆ 300 ರೂಪಾಯಿ, ಮೂರು ದಿನ, ಬರೀ ಬಸ್ಸು. ಊರು ಶಿರಾ!

"ಶಿರಾನಾ? ಹೈವೇಲಿ ಕಾಫಿಗೆ ನಿಲ್ಲಿಸ್ತಾರಲ್ಲ, ಅದಾ?" ಅಂದ ಪಕ್ಕದ ಸೀಟಿನವನು. ಹೌದು ಮಾರಾಯ, ಅದೇ.

ನಮ್ಮೂರು ಮಧುಗಿರಿ. ಉಳ್ಕೊಳ್ಳೋಕೆ ಅಮ್ಮನ ಮನೆ ಇರೋದರಿಂದ ಲಾಡ್ಜಿನ ಖರ್ಚು ಸೊನ್ನೆ. ಶಿರಾ, ಕೊರಟಗೆರೆ, ಪಾವಗಡ ಮೂರಕ್ಕೂ ಅಲ್ಲಿಂದಲೇ ಬಸ್ಸು ಸಿಗುತ್ತೆ. ಬೆಳಗ್ಗೆ ಹೋಗಿ ಸಂಜೆ ವಾಪಸ್. ಚಿಕ್ಕವನಿದ್ದಾಗ ಶಿರಾಗೆ ಮದುವೆ ಊಟಕ್ಕೆ ಎಷ್ಟೋ ಸಲ ಹೋಗಿದ್ದೀನಿ. ಅದು ಒಂದು ಕಾಲದ ರಾಜಧಾನಿ ಅಂತ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹಳೇ ಗೆಜೆಟಿಯರ್ ಓದ್ತಾ ಓದ್ತಾ ತಲೆ ತಿರುಗಿತು.

ಕಥೆ ಸ್ವಲ್ಪದರಲ್ಲಿ ಹೇಳ್ತೀನಿ. ರತ್ನಗಿರಿಯ ರಂಗಪ್ಪ ನಾಯಕ ಕೋಟೆ ಕಟ್ಟೋಕೆ ಶುರು ಮಾಡಿದ. ಅದು ಮುಗಿಯೋ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಊರು ಹಿಡಿದ. 1687ರಲ್ಲಿ ಮೊಘಲರು ಬಂದರು, ಶಿರಾವನ್ನ ಒಂದು ಪ್ರಾಂತ್ಯದ ರಾಜಧಾನಿ ಮಾಡಿದರು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡ ಎಲ್ಲ ಶಿರಾದ ಕೈಕೆಳಗೆ!

ಅದೇ 1687ರಲ್ಲಿ ಬೆಂಗಳೂರಿನ ಕಥೆ ಏನಾಗಿತ್ತು ಗೊತ್ತಾ? ವೆಂಕೋಜಿ ಅದನ್ನ ಮಾರೋಕೆ ಹೊರಟಿದ್ದ. ವ್ಯಾಪಾರ ಮುಗಿಯೋ ಮೊದಲೇ ಮೊಘಲರ ಖಾಸಿಂ ಖಾನ್ ಊರು ಹಿಡಿದು, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಕೊಟ್ಟ. ಶಿರಾದ ಮೊದಲ ಫೌಜುದಾರನೂ ಈ ಖಾಸಿಂ ಖಾನನೇ. ಅಂದ್ರೆ ಶಿರಾ ಇಟ್ಕೊಳ್ಳೋ ಊರು, ಬೆಂಗಳೂರು ಮಾರೋ ಊರು. ಇವತ್ತು ವೈಟ್‌ಫೀಲ್ಡಿನಲ್ಲಿ ಆ 3 ಲಕ್ಷಕ್ಕೆ ಬೈಕ್ ನಿಲ್ಲಿಸೋ ಜಾಗವೂ ಬರಲ್ಲ :-)

ಮೊದಲ ದಿನ ಬಡವನಹಳ್ಳಿ ಮೇಲೆ ಹೋಗೋ ಬಸ್ಸು ಹತ್ತಿದೆ. ಅಮ್ಮನೂ ಬಂದಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಹಾಗಾಗಿ ಅವಳ ಬಜೆಟ್ ನನಗಿಂತ ಚೆನ್ನಾಗಿತ್ತು. ನನ್ನದು ಹೋಗಿ ಬರೋಕೆ ನೂರರ ಆಸುಪಾಸು. ಇಳಿದು ಇಡ್ಲಿ ತಿಂದು, ಮಲಿಕ್ ರಿಹಾನ್ ಸಮಾಧಿಗೆ ನಡೆದೇ ಹೋದ್ವಿ. ಬಿಜಾಪುರದ ಕಡೆಯಿಂದ ಆಳಿದ ಈ ಅಧಿಕಾರಿಯ ಗುಮ್ಮಟ ಕಟ್ಟಿದ್ದು 1651ರಲ್ಲಿ. ಒಳಗೆ ಎಂಥಾ ತಂಪು! ಆಮೇಲೆ 1696ರ ಜಾಮಿಯಾ ಮಸೀದಿ, ಪೂರ್ತಿ ಕಲ್ಲಿನದು. ಆಮೇಲೆ ಕೋಟೆ, ಕಂದಕ. ಹಳೇ ಕಲ್ಲಿಗೆ ಒರಗಿಕೊಂಡು ಹುಡುಗರು ಮೊಬೈಲ್ ನೋಡ್ತಿದ್ದರು.

ಊರು ಉತ್ತುಂಗಕ್ಕೆ ಏರಿದ್ದು ಹದಿನೆಂಟನೇ ಶತಮಾನದಲ್ಲಿ, ದಿಲಾವರ್ ಖಾನನ ಕಾಲದಲ್ಲಿ. ಆಗ ಇಲ್ಲಿ 50,000 ಮನೆ ಇತ್ತಂತೆ. ಉತ್ಪ್ರೇಕ್ಷೆ ಇರಬಹುದು, ಆದರೂ ಮನೆಗೆ ನಾಲ್ಕು ಜನ ಅಂತ ಹಿಡಿದರೆ 2 ಲಕ್ಷ ಆಯ್ತು. 2011ರ ಜನಗಣತಿಯಲ್ಲಿ ಶಿರಾ ಪಟ್ಟಣ 60 ಸಾವಿರವನ್ನೂ ಮುಟ್ಟಿರಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ದಿಲಾವರ್ ಖಾನನ ಅರಮನೆಯೇ ಮಾದರಿ ಅಂತಾರೆ. ಇಲ್ಲಿದ್ದ ಖಾನ್ ಬಾಗ್ ನೋಡಿಯೇ ಹೈದರನಿಗೆ ಲಾಲ್‌ಬಾಗ್ ಹೊಳೆದಿರಬೇಕು ಅಂತಲೂ ಬರೆದಿದ್ದಾರೆ. ಮೂಲ ಅರಮನೆ ಬೇಗ ಹಾಳಾಗೋ ಸಾಮಗ್ರಿಯಲ್ಲಿ ಕಟ್ಟಿದ್ದು, ಹಾಳಾಗಿ ಹೋಯ್ತು. ಖಾನ್ ಬಾಗ್ ಹುಡುಕಿಕೊಂಡು ಅಲೆದೆ, ತೋಟ ಅನ್ನುವಂಥದ್ದು ನನ್ನ ಕಣ್ಣಿಗೇನೂ ಬೀಳಲಿಲ್ಲ. ಲಾಲ್‌ಬಾಗಿಗೆ ಮಾತ್ರ ಟಿಕೆಟ್ ತಗೊಂಡು ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ.

ಜನ ಏನಾದ್ರು? ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಕಟ್ಟಿಸಿದಾಗ ಶಿರಾದಿಂದ 12,000 ಕುಟುಂಬಗಳನ್ನ ಎಬ್ಬಿಸಿ ಅಲ್ಲಿಗೆ ಸಾಗಿಸಿದ. ಹೊಸ ಊರಿಗೆ ದುಡಿಯೋ ಜನ ಬೇಕಿತ್ತು. ಕೋಟೆ ಬಾಗಿಲಲ್ಲಿ ಕೂತು ಇದನ್ನ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೀದಿ ಥರಾನೇ" ಅಂದಳು.

ಎರಡನೇ ದಿನ ಮಿಡಿಗೇಶಿ ದಾಟಿ ಪಾವಗಡ. ಶನಿಮಹಾತ್ಮ ದೇವಸ್ಥಾನ ನೋಡ್ಕೊಂಡು ತಿರುಮಣಿ ಕಡೆ ಹೋದೆ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್. ಕಣ್ಣು ಹಾಯಿಸಿದಷ್ಟೂ ನೀಲಿ. ಮಳೆ ಇಲ್ಲದೆ ಕಡಲೆಕಾಯಿ ಒಣಗಿಸ್ಕೊಂಡು ಕೂತಿದ್ದ ರೈತರು ಭೂಮಿ ಗುತ್ತಿಗೆಗೆ ಕೊಟ್ಟರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ನೀರಿಲ್ಲದ ಊರಿಗೆ ಬಿಸಿಲೇ ಬೆಳೆ. ಭೂಮಿ ಇದ್ದವರಿಗೆ ಅದು ಆಸರೆ. ಕೂಲಿ ನಂಬಿದವರಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ. ನನ್ನ ಆಫೀಸಿನ ಏಸಿ ಹದಿನೆಂಟು ಡಿಗ್ರಿಯಲ್ಲಿ ಓಡೋದಕ್ಕೆ ಇಲ್ಲಿನ ಬಿಸಿಲೂ ಸೇರಿರಬಹುದು ಅಂತ ಯೋಚಿಸ್ತಾ ಒಂದು ಸೋಡಾ ಕುಡಿದೆ.

ಮೂರನೇ ದಿನ ಕೊರಟಗೆರೆ ಆರಾಮಾಗಿತ್ತು. ಸಿದ್ದರಬೆಟ್ಟ ಹತ್ತಿ, ಗೊರವನಹಳ್ಳಿಯಲ್ಲಿ ಲಕ್ಷ್ಮಿಗೆ ಕೈ ಮುಗಿದೆ. ಅರ್ಧ ಸರದಿ ಬೆಂಗಳೂರು ನೋಂದಣಿಯ ಕಾರುಗಳಲ್ಲಿ ಬಂದವರದ್ದು. ಮಾತಾಡಿಸಿದ ಇಬ್ಬರೂ ಇದೇ ತಾಲೂಕಿನವರು, ವಾರಾಂತ್ಯಕ್ಕೆ ಬಂದಿದ್ದರು. ನನ್ನ ಹಾಗೇ.

ಅಮ್ಮನ ಮಾತು ಅಲ್ಲಿ ಮತ್ತೆ ನೆನಪಾಯ್ತು. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ನನ್ನ ವಯಸ್ಸಿನವರು ಒಂಬತ್ತು ಜನ, ಅದರಲ್ಲಿ ಮಧುಗಿರಿಯಲ್ಲಿ ಉಳಿದವನು ಒಬ್ಬ. ನಮ್ಮನ್ನ ಯಾರೂ ಸೈನ್ಯ ಕಳಿಸಿ ಎಬ್ಬಿಸಲಿಲ್ಲ. ಆಫರ್ ಲೆಟರ್ ಬಂತು, ನಾವೇ ಬ್ಯಾಗ್ ತುಂಬಿಸ್ಕೊಂಡು ಬಸ್ಸು ಹತ್ತಿದ್ವಿ. ನನಗೆ ಆ ಬಗ್ಗೆ ದುಃಖವಿಲ್ಲ, ಆ ಸಂಬಳದಲ್ಲೇ ಅಪ್ಪನ ಆಪರೇಷನ್ ಆಯ್ತು. ಆದರೆ ಮನೆ ಮಾರಿ ನೀವೂ ಬೆಂಗಳೂರಿಗೆ ಬಂದ್ಬಿಡಿ ಅಂತ ಒಂದು ವರ್ಷದಿಂದ ಹಠ ಮಾಡ್ತಿದ್ದೆ. ಶಿರಾ ನೋಡಿಬಂದ ಮೇಲೆ ಆ ಮಾತು ಎತ್ತಿಲ್ಲ. ಊರು ಶ್ರೀಮಂತವಾಗೋದು ಬಂದು ಸೇರೋರಿಂದ, ಖಾಲಿಯಾಗೋದು ಕೊನೇ ಮನೆಯ ಬೀಗದಿಂದ. ನಮ್ಮ ಬೀದಿಯಲ್ಲಿ ಆ ಬೀಗ ನಮ್ಮದಾಗೋದು ಸದ್ಯಕ್ಕೆ ಬೇಡ.

ಹೋಗೋ ಮನಸ್ಸಿದ್ದವರಿಗೆ ಲೆಕ್ಕ ಇಲ್ಲಿದೆ. ಮೂರು ದಿನಕ್ಕೆ ಬಸ್ಸು, ಶೇರ್ ಆಟೋ 470, ತಿಂಡಿ, ಊಟ, ಕಾಫಿ 330, ಕಾಣಿಕೆ 20. ಒಟ್ಟು 820, ಉಳಿದದ್ದು 80. ಟೋಪಿ, ನೀರಿನ ಬಾಟಲಿ ಮರೀಬೇಡಿ, ನಮ್ಮ ಕಡೆ ಬಿಸಿಲು ತಮಾಷೆ ಅಲ್ಲ. ಉಳಿದ 80 ರೂಪಾಯಿಗೆ ಕಡಲೆಕಾಯಿ ತಗೊಂಡು ಬಂದು ಆಫೀಸಲ್ಲಿ ಹಂಚಿದೆ. ಶಿರಾ ಅಂದ್ರೆ ಕಾಫಿ ಅಂದವನು ಎಲ್ಲರಿಗಿಂತ ಜಾಸ್ತಿ ತಿಂದ!

ನಿಮ್ಮ ತಾಲೂಕಿನಲ್ಲೂ ಇಂಥ ಒಂದು ಮಾಜಿ ರಾಜಧಾನಿ ಇರಬಹುದು, ನೋಡಿ. ಬಸ್ ಚಾರ್ಜ್ ಅಷ್ಟೇ ಖರ್ಚು.